ಸ್ನೋಬೋರ್ಡ್ ಟ್ರಿಕ್‌ಗೆ ಧೈರ್ಯ ಚಿಕ್ಕಮಗಳೂರಲ್ಲೇ ಕಟ್ಕೊಳ್ಳಿ
ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಸ್ನೋಬೋರ್ಡಲ್ಲಿ, ಅಂದ್ರೆ ಹಿಮದ ಮೇಲೆ ನಿಂತು ಜಾರೋ ಹಲಗೇಲಿ, ಹೊಸ ಟ್ರಿಕ್ ಟ್ರೈ ಮಾಡ್ಬೇಕು ಅಂತಿರೋ ನಮ್ಮ ಚಿಕ್ಕಮಗಳೂರಿನವ್ರು ಹಿಮಕ್ಕೆ ಕಾಯ್ಬೇಡಿ, ಮನೆ ಮುಂದೆ ಹುಲ್ಲಲ್ಲೇ ಮಂಡಿ ಬಗ್ಗಿಸಿ ಹಾರಿ 180 ಡಿಗ್ರಿ ತಿರುಗಿ ಇಳೀರಿ, ತಲೆ ಭುಜ ಮೊದ್ಲು ತಿರುಗ್ಬೇಕು, ಸೊಂಟ ಕಾಲು ಹಿಂದೇನೇ ಬರುತ್ತೆ, ಮೈಗೆ ಒಗ್ಗೋವರ್ಗೂ ಮಾಡಿ. ಬೀಳೋದನ್ನ ಕಲಿಯೋದೇ ಎಲ್ಲಕ್ಕಿಂತ ಮುಖ್ಯ ನನ್ ಪ್ರಕಾರ. ಕೈ ಚಾಚಿ ನೆಲಕ್ಕೆ ಊರ್ಬೇಡಿ, ಮಣಿಕಟ್ಟು ಮುರಿಯೋದು ಹೆಚ್ಚಾಗಿ ಹಾಗೇನೇ, ಹಿಂದಕ್ಕೆ ಬಿದ್ರೆ ಗದ್ದ ಎದೆಗೆ ಒತ್ಕೊಳ್ಳಿ. ಹೆಲ್ಮೆಟ್, ಮಣಿಕಟ್ಟಿಗೆ ರಿಸ್ಟ್ ಗಾರ್ಡ್ ಬೇಕೇ ಬೇಕು. ಅಲ್ಲಿಗೆ ಹೋದ್ಮೇಲೆ ಮೊದ್ಲು ಸಮತಟ್ಟು ಜಾಗದಲ್ಲಿ ಆಲಿ, ಅಂದ್ರೆ ಬೋರ್ಡಿನ ಬಾಲಕ್ಕೆ ಭಾರ ಹಾಕಿ ಚಿಮ್ಮೋದು, ಆಮೇಲೆ ಪುಟ್ಟ ದಿಬ್ಬ. ಭಯ ಆದ್ರೆ ಇನ್ನೂ ಚಿಕ್ಕ ದಿಬ್ಬ ಹುಡುಕ್ಕೊಳ್ಳಿ, ಆದ್ರೆ ಅರ್ಧ ಮನಸಲ್ಲಿ ಹಾರ್ಬೇಡಿ, ತಿರುಗೋದು ಅರ್ಧಕ್ಕೇ ನಿಂತ್ರೆ ಬೋರ್ಡಿನ ಅಂಚು ಹಿಮಕ್ಕೆ ಸಿಕ್ಕಾಕ್ಕೊಂಡು ದಬಕ್ ಅಂತ ಬೀಳ್ತೀರ.