ನಾಕು ಡಾಕ್ಟ್ರು, ಒಂದು ಚೀಲ ಗುಳಗಿ: ಶುಗರ್ ಬಿಪಿ ಇದ್ದೋರ ಮನ್ಯಾಗ ಲೆಕ್ಕ ಹೆಂಗ ಇಡೂದು

ನಮ್ಮವ್ವಗ ಶುಗರ್ ಬಂದು ಹದಿಮೂರು ವರ್ಷ ಆತು, ಬಿಪಿ ಅದಕ್ಕಿಂತ ಮೊದ್ಲಿಂದನೂ ಐತಿ, ಎರಡು ವರ್ಷದ ಹಿಂದ ಹಾರ್ಟಿಗೆ ಒಂದು ಸ್ಟೆಂಟ್ ಹಾಕ್ಸೇವಿ, ಮೊಣಕಾಲಿಂದಂತೂ ಕೇಳಬ್ಯಾಡ್ರಿ. ಅಕಿ ಇರೂದು ಲಕ್ಷ್ಮೇಶ್ವರ ಕಡೆ ಹಳ್ಳ್ಯಾಗ, ನಾನು ಹುಬ್ಬಳ್ಳ್ಯಾಗ. ಶುಗರ್ ಬಿಪಿ ನೋಡೋರು ಗದಗಿನ ಡಾಕ್ಟ್ರು, ಹಾರ್ಟಿಗೆ ಹುಬ್ಬಳ್ಳಿ, ಕಣ್ಣಿಗೂ ಹುಬ್ಬಳ್ಳಿನ ಆದ್ರ ಬ್ಯಾರೆ ದವಾಖಾನಿ, ಮೊಣಕಾಲಿಗೆ ಯಾರೋ ಚೊಲೋ ಅದಾರ ಅಂದ್ರು ಅಂತ ಇನ್ನೊಬ್ರು. ನಾಕೂ ಮಂದಿ ಶಾಣ್ಯಾ ಡಾಕ್ಟ್ರ, ಅದರಾಗ ಎರಡು ಮಾತಿಲ್ಲ. ಆದ್ರ ಒಬ್ರು ಬರದದ್ದು ಇನ್ನೊಬ್ರಿಗೆ ಗೊತ್ತಾಗೂದು ನಾವು ಹೇಳಿದ್ರನ, ನಾವೇನು ಮಾಡ್ತಿದ್ವಿ, ಡಾಕ್ಟ್ರು ಡಾಕ್ಟ್ರು ಮಾತಾಡ್ಕೊಂಡಿರ್ತಾರ ಬಿಡು ಅಂತ ಸುಮ್ನ ಇದ್ವಿ.

ಸ್ಟೆಂಟ್ ಹಾಕ್ಸಿ ಮನಿಗೆ ಬಂದು ಮೂರನೇ ವಾರ, ಅವ್ವ ಮುಂಜಾನೆ ಎದ್ದು ಹಿತ್ತಲಿಗೆ ಹೊಂಟಾಕಿ ಚಕ್ಕರ್ ಬಂದು ಬಾಗಿಲಾ ಹಿಡ್ಕೊಂಡು ಕುಂತುಬಿಟ್ಟಳು. ಸಬ್ ಸೆಂಟರಿನ ಸಿಸ್ಟರ್ ಬಂದು ನೋಡಿದ್ರ ಬಿಪಿ 92/58, ಭಾಳ ಕಡಿಮಿ. ಆವತ್ತ ಸಂಜಿಗೆ ನಾನು ಊರಿಗೆ ಹೋಗಿ ಅಕಿ ಗುಳಗಿ ಚೀಲ, ಅರಿವಿ ಅಂಗಡಿ ಹಸರು ಚೀಲ ಅದು, ಚಾಪಿ ಮ್ಯಾಲೆ ಸುರುವಿದೆ. ಇಪ್ಪತ್ತೊಂದು ಥರದ್ದು ಬಿದ್ದವು. ಅರ್ಧಕ್ಕರ್ಧ ಪಟ್ಟಿಗೆ ಮೆಡಿಕಲ್‌ನವ ಹೆಸರು ಇರೋ ಕಡೆನ ಕತ್ತರಿ ಆಡಿಸ್ಯಾನ, ಯಾವ ಗುಳಗಿ ಅನ್ನೂದ ತಿಳೀವಲ್ದು. ಎರಡು ಪಟ್ಟಿ ಮಾತ್ರ ಪೂರ್ತಿ ಇದ್ವು, ಒಂದು ಕೆಂಪು ಅಕ್ಷರದ್ದು ಒಂದು ನೀಲಿ, ದೊಡ್ಡ ಹೆಸರು ಬ್ಯಾರೆ ಬ್ಯಾರೆ, ಮೊಬೈಲ್ ಟಾರ್ಚ್ ಹಿಡದು ಕೆಳಗಿನ ಸಣ್ಣ ಅಕ್ಷರ ಓದಿದ್ರ ಎರಡರ ಮ್ಯಾಲೂ ಟೆಲ್ಮಿಸಾರ್ಟಾನ್ 40, ಅಂದ್ರ ಅದ ಬಿಪಿ ಗುಳಗಿ. ಒಂದು ಗದಗಿನ ಹಳೇ ಚೀಟಿದು, ಒಂದು ಡಿಸ್ಚಾರ್ಜ್ ಚೀಟಿದು. ಅವ್ವ ಎರಡನ್ನೂ ನೇಮದಿಂದ ನುಂಗಾಕತ್ತಿದ್ದಳು, ಒಂದು ದಿನಾನೂ ತಪ್ಪಿಸಿಲ್ಲ. ತಪ್ಪು ಯಾರದಂದ್ರ ನಂದ, ಡಿಸ್ಚಾರ್ಜ್ ದಿನ ಹಳೇ ಚೀಟಿ ತೋರಸ್ರಿ ಅಂದಾಗ ನಾನು ಅದನ್ನ ಊರಾಗ ಬಿಟ್ಟು ಬಂದಿದ್ದೆ.

ಅದಕ್ಕ ಮೊದ್ಲನೇ ಕೆಲಸ, ನಿಮ್ಮ ಮನ್ಯಾಗೂ ಇವತ್ತ ಚೀಲ ಸುರುವ್ರಿ. ಬ್ರ್ಯಾಂಡ್ ಹೆಸರು ಬಿಡ್ರಿ, ಒಳಗಿನ ಔಷಧದ ಹೆಸರು ಮತ್ತ ಎಷ್ಟು ಎಂಜಿ ಅನ್ನೂದನ್ನ ಒಂದು ಹಾಳಿ ಮ್ಯಾಲೆ ಬರೀರಿ, ಆಜೂಬಾಜು ಯಾವ ಹೊತ್ತಿಗೆ, ಊಟಕ್ಕ ಮೊದ್ಲೋ ಆಮ್ಯಾಲೋ, ಯಾತಕ್ಕ, ಯಾವ ಡಾಕ್ಟ್ರು, ಯಾವ ತಾರೀಖಿಂದ. ಮೊಣಕಾಲಿಗೆ ಹಚ್ಚೂ ಮುಲಾಮು, ಸಂತ್ಯಾಗ ತಂದ ಶುಗರ್ ಪುಡಿ, ಮೆಡಿಕಲ್‌ನ್ಯಾಗ ಕೇಳಿ ತಗೊಂಡ ನೋವಿನ ಗುಳಗಿ, ಎಲ್ಲಾ ಬರೀರಿ, ನಾಚ್ಕೋಬ್ಯಾಡ್ರಿ. ಯಾವ ಔಷಧಕ್ಕ ಮೈ ಒಗ್ಗೂದಿಲ್ಲ ಅನ್ನೂದನ್ನ ಎಲ್ಲಾದಕ್ಕಿಂತ ಮ್ಯಾಲೆ ಕೆಂಪು ಪೆನ್ನಿಲೆ. ಮೆಡಿಕಲ್‌ನವಗೂ ಹೇಳ್ರಿ, ಅಣ್ಣಾ ಹೆಸರು ಇರೋ ತುದಿ ನಮಗ ಬಿಡು ಅಂತ. ಕೊಡ್ತಾರ, ಕೇಳಬೇಕಷ್ಟ.

ಎರಡನೇದು, ಒಬ್ಬ ಡಾಕ್ಟ್ರನ್ನ ಗಟ್ಟಿ ಹಿಡ್ಕೋರಿ. ಎಲ್ಲಾ ಚೀಟಿ ಕಡೀಕ ಅವರ ಟೇಬಲ್ಲಿಗೆ ಬರಬೇಕು. ಭಾಳ ಮಂದಿ ದೊಡ್ಡ ಡಾಕ್ಟ್ರು ಸಿಕ್ಕ ಮ್ಯಾಲೆ ಊರ ಡಾಕ್ಟ್ರನ್ನ ಬಿಟ್ಟುಬಿಡ್ತಾರ, ನನ್ನ ಕೇಳಿದ್ರ ಅದ ದೊಡ್ಡ ತಪ್ಪು, ಯಾಕಂದ್ರ ಹಾರ್ಟಿನವರು ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ ನೋಡ್ತಾರ, ಕಾಲು ಬಾತದ್ದು ರಾತ್ರಿ ಬೆವತದ್ದು ನೋಡಾಕ ಸನೇದವರ ಬೇಕು. ಅವರು ಗದಗಿನ ಫಿಜಿಶಿಯನ್ ಆಗಿರಲಿ, ಸವಣೂರಿನ ಎಂಬಿಬಿಎಸ್ ಇರಲಿ, ಪಿಎಚ್‌ಸಿ ಮೆಡಿಕಲ್ ಆಫೀಸರ್ ಇರಲಿ. ಸರಕಾರಿ ಪಿಎಚ್‌ಸಿ, ತಾಲೂಕ ದವಾಖಾನಿಯ ಅಂಟಲಾರದ ಜಡ್ಡು ನೋಡೂ ಎನ್‌ಸಿಡಿ ಕ್ಲಿನಿಕ್‌ನ್ಯಾಗ ಬಿಪಿ ಶುಗರ್ ನೋಡಿ ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಅಂಥಾ ಶುಗರ್ ಬಿಪಿ ಗುಳಗಿ ಪುಕ್ಕಟ ಕೊಡ್ತಾರ. ಹುಬ್ಬಳ್ಳಿ ಧಾರವಾಡ ಶಹರದಾಗ ಇರೋರಿಗೆ 2022ರಾಗ ಶುರುವಾದ ‘ನಮ್ಮ ಕ್ಲಿನಿಕ್’ ಅನ್ನೂ ಸರಕಾರಿ ದವಾಖಾನಿ ಅದಾವ. ಒಮ್ಮೆ ಹೋಗಿ ಬಾಯಿ ಬಿಟ್ಟು ಕೇಳ್ರಿ, ಸರ ನಮ್ಮವ್ವನ ಎಲ್ಲಾ ಚೀಟಿ ನಿಮ್ಮ ಕಡೆ ತಂದು ತೋರಿಸ್ತೀವಿ, ಒಟ್ಟು ಲೆಕ್ಕ ನೀವು ನೋಡ್ತೀರೇನು ಅಂತ. ಹೂಂ ಅಂದೋರನ್ನ ಬಿಡಬ್ಯಾಡ್ರಿ.

ಇನ್ನ ಸ್ಪೆಷಲಿಸ್ಟ್ ಕಡೆ ಹೋಗೂ ಮುಂದ ಈ ಡಾಕ್ಟ್ರ ಕಡಿಂದ ನಾಕು ಸಾಲಿನ ಪತ್ರ ಬರಸ್ಕೋರಿ. ಯಾವ ಕಾಯಿಲೆ ಎಷ್ಟು ವರ್ಷದ್ದು, ಈಗಿನ ಗುಳಗಿ, ಕಡೀ ಟೆಸ್ಟಿನ ಅಂಕಿ, ಮತ್ತ ಮುಖ್ಯವಾಗಿ ಪ್ರಶ್ನೆ. ಹಾರ್ಟ್ ನೋಡ್ರಿ ಅಂದ್ರ ಏನು ನೋಡೂದು? ನಡದ್ರ ಎರಡು ತಿಂಗಳಿಂದ ದಮ್ಮು ಹತ್ತೈತಿ, ಕಾಲು ಬಾವು ಐತಿ, ಎಕೋ (ಹಾರ್ಟಿನ ಸ್ಕ್ಯಾನ್) ಬೇಕೇನು ಅಂತ ಬರದ್ರ ಆ ಕಡೆಯವರಿಗೂ ಹಾದಿ ಸಿಗ್ತೈತಿ. ಸರಕಾರಿ ಸ್ಕೀಮಿನ್ಯಾಗ ಹೋಗೋರಿಗಂತೂ ಕಾಗದ ಬೇಕ ಬೇಕು. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಾಗ ಬಿಪಿಎಲ್ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕ 1.5 ಲಕ್ಷದ ಮಿತಿ. ಆದ್ರ ಖಾಸಗಿ ದವಾಖಾನ್ಯಾಗ ದೊಡ್ಡ ಚಿಕಿತ್ಸೆ ಮಾಡ್ಸಬೇಕಂದ್ರ ಮೊದ್ಲು ಸರಕಾರಿ ದವಾಖಾನಿಯಿಂದ ರೆಫರ್ ಆಗಬೇಕು, ಗದಗಿನವರು ಜಿಮ್ಸ್, ಹಾವೇರಿಯವರು ಜಿಲ್ಲಾ ಆಸ್ಪತ್ರೆ, ಹುಬ್ಬಳ್ಳಿಯವರು ಕಿಮ್ಸ್. ಬೋರ್ಡಿನ ಮ್ಯಾಲೆ ಈಗ ಕೆಎಂಸಿಆರ್‌ಐ ಅಂತ ಐತಿ, ಆಟೋದವರಿಗೆ ಮಾತ್ರ ಕಿಮ್ಸ್ ಅಂದ್ರನ ತಿಳಿತೈತಿ. ಸ್ಕೀಮಿನ ಪಟ್ಟಿಯೊಳಗಿನ ತುರ್ತು ಚಿಕಿತ್ಸೆಗೆ ರೆಫರ್ ಬೇಕಾಗಿಲ್ಲ. ತಿಂಗಳಾ ನುಂಗೂ ಗುಳಗಿ ಖರ್ಚು ಇದರಾಗ ಬರೂದಿಲ್ಲ, ಅದಕ್ಕ ಪಿಎಚ್‌ಸಿ ಇಲ್ಲಾ ಕಡಿಮಿ ದರದ ಜನೌಷಧಿ ಅಂಗಡಿ.

ಸ್ಪೆಷಲಿಸ್ಟ್ ರೂಮಿನ್ಯಾಗ ಹೊರಗ ಐವತ್ತು ಮಂದಿ ಕುಂತಿರ್ತಾರ, ಒಳಗ ಹೋದ್ರ ಬಾಯಾಗ ಮಾತ ಬರೂದಿಲ್ಲ, ಅದಕ್ಕ ಪ್ರಶ್ನೆ ಬರಕೊಂಡು ಹೋಗ್ರಿ. ಹೊಸಾ ಗುಳಗಿ ಬರದ್ರ ಮೊದ್ಲನೇ ಪ್ರಶ್ನೆ, ಇದು ಹಳೇದರ ಬದ್ಲಿಗೋ, ಜೋಡಿಗೋ? ಇದೊಂದು ಕೇಳಿದ್ರ ಅರ್ಧ ಗೋಳು ತಪ್ಪತೈತಿ. ಆಮ್ಯಾಲೆ ಎಷ್ಟು ದಿನ ನುಂಗೂದು, ಮುಂದ ಇದನ್ನ ಬರಕೊಡೋರು ಯಾರು, ಯಾವ ಟೆಸ್ಟ್ ಯಾವಾಗ, ಏನಾದ್ರ ನಿಮ್ಮ ಕಡೆ ಲಗೂನ ಬರಬೇಕು. ಸ್ಟೆಂಟ್ ಹಾಕ್ಸಿದೋರಿಗೆ ಇನ್ನೊಂದು, ರಕ್ತ ಹೆಪ್ಪುಗಟ್ಟಲಾರದಂಗ ಕೊಡೂ ಆಸ್ಪಿರಿನ್ ಕ್ಲೋಪಿಡೋಗ್ರೆಲ್ ಎಷ್ಟು ತಿಂಗಳು ಅಂತ ಬರಸ್ಕೋರಿ, ಹಲ್ಲು ಕೀಳ್ಸಾಕ ಹೋದಾಗ ಯಾರರ ನಿಲ್ಲಸ್ರಿ ಅಂದ್ರ ಹಾರ್ಟ್ ಡಾಕ್ಟ್ರನ್ನ ಕೇಳಲಾರದ ನಿಲ್ಲಸಬ್ಯಾಡ್ರಿ, ಸ್ಟೆಂಟಿನ್ಯಾಗ ರಕ್ತ ಹೆಪ್ಪುಗಟ್ಟಿದ್ರ ಜೀವಕ್ಕ ಕುತ್ತು.

ಮೊಣಕಾಲಿನ ಕಥಿ ಹೇಳಲಿಲ್ಲ ನೋಡ್ರಿ. ನೋವಿಗೆ ಕೊಟ್ಟ ಡೈಕ್ಲೊಫೆನಾಕ್ ಐದು ದಿನದ್ದಿತ್ತು, ಹಾಯ್ ಅನಿಸ್ತು ಅಂತ ಅವ್ವ ಅದ ಚೀಟಿ ತೋರ್ಸಿ ತೋರ್ಸಿ ಎರಡು ತಿಂಗಳು ತರಿಸ್ಕೊಂಡಾಳ. ಕಿಡ್ನಿ ಹೆಂಗೈತಿ ಅಂತ ತೋರಸೂ ಕ್ರಿಯಾಟಿನಿನ್ ಅಂಕಿ 1.0 ಇದ್ದದ್ದು 1.6ಕ್ಕ ಏರಿತು. ಟೆಲ್ಮಿಸಾರ್ಟಾನ್ ಥರದ ಬಿಪಿ ಗುಳಗಿ, ನೀರು ಇಳಿಸೂ ಗುಳಗಿ, ಅದರ ಮ್ಯಾಲೆ ಈ ನೋವಿನ ಗುಳಗಿ, ಮೂರೂ ಕೂಡಿದ್ರ ಕಿಡ್ನಿಗೆ ರಕ್ತ ಸಾಲೂದಿಲ್ಲ ಅಂತ ಗದಗಿನ ಡಾಕ್ಟ್ರು ಚಿತ್ರಾ ತಗದು ತಿಳಿಸಿ ಹೇಳಿದ್ರು. ನಿಲ್ಲಿಸಿದ ಮ್ಯಾಲೆ ಸಾವಕಾಶ ಇಳೀತು, ಪುಣ್ಯಾ. ಈಗ ಹಾಳಿ ತುದಿಗೆ ಕಿಡ್ನಿ ಅಂಕಿ ಬರದಿಟ್ಟೇವಿ, ಎಲುಬಿನವರಿಗೆ ಹಲ್ಲಿನವರಿಗೆ ಮೊದ್ಲು ಅದನ್ನ ತೋರಸೂದು. ಸಿಟಿ ಸ್ಕ್ಯಾನ್ ಇಲ್ಲಾ ಆಂಜಿಯೋಗ್ರಾಮಿಗೆ ಬಣ್ಣದ ಇಂಜೆಕ್ಷನ್ ಕೊಡೋ ಮುಂದನೂ ಈ ಅಂಕಿ ಮತ್ತ ಮೆಟ್‌ಫಾರ್ಮಿನ್ ಐತಿ ಅನ್ನೂದನ್ನ ಹೇಳಬೇಕು. ಸ್ಟೆರಾಯ್ಡ್ ಕೊಟ್ರ ಶುಗರ್ ಏರ್ತೈತಿ, ಅದನ್ನೂ ಮನಿ ಡಾಕ್ಟ್ರಿಗೆ ಅವತ್ತ ತಿಳಸ್ರಿ.

ಟೆಸ್ಟಿಂದು ಬಗಿಹರಿಸೂದು ಹಗುರ. ನಾಕೂ ಕಡೆ ಅದ ಟೆಸ್ಟ್ ಬರೀತಾರ, ಹದಿನೈದು ದಿನದ ಹಿಂದಿನ ರಿಪೋರ್ಟ್ ಕೈಯಾಗಿದ್ರ ನಡೀತದೇನ್ರಿ ಅಂತ ಕೇಳ್ರಿ, ಬಹಳ ಸಲ ನಡೀತೈತಿ. ಎಚ್‌ಬಿಎ1ಸಿ ಅಂದ್ರ ಹೆಚ್ಚೂಕಡಿಮಿ ಮೂರು ತಿಂಗಳ ಶುಗರ್ ಸರಾಸರಿ, ಅದನ್ನ ತಿಂಗಳಾ ಮಾಡ್ಸೋದ್ರಾಗ ಅರ್ಥಿಲ್ಲ, ಹತೋಟ್ಯಾಗಿದ್ರ ವರ್ಷಕ್ಕ ಎರಡು ಸಲ, ಇಲ್ಲಾಂದ್ರ ಮೂರು ತಿಂಗಳಿಗೊಮ್ಮೆ. ವರ್ಷಕ್ಕೊಮ್ಮೆ ಕ್ರಿಯಾಟಿನಿನ್, ಮೂತ್ರದಾಗ ಅಲ್ಬುಮಿನ್, ಕಣ್ಣಿನ ಪರದೆ, ಪಾದ. ಪಾದ ಯಾರೂ ನೋಡೂದಿಲ್ಲ, ಚಪ್ಪಲಿ ಬಿಚ್ಚಿ ನೀವ ತೋರಸ್ರಿ. ಕ್ರಿಯಾಟಿನಿನ್ ಆದಷ್ಟು ಒಂದ ಲ್ಯಾಬಿನ್ಯಾಗ ಮಾಡಸ್ರಿ, ಹೋಲಿಸಿ ನೋಡಾಕ ಬರ್ತೈತಿ.

ಹುಬ್ಬಳ್ಳಿಗೆ ಬರೋ ಹಳ್ಳಿ ಮಂದಿಗೆ ಒಂದು ಮಾತು, ಎರಡು ದವಾಖಾನಿ ಒಂದ ದಿನ ಜೋಡಿಸ್ಕೊಂಡ್ರ ಬಸ್ಸಿನ ದಗದ ಉಳಿತೈತಿ, ಆದ್ರ ಕಣ್ಣಿಂದು ಕಡೀಕ ಇಟ್ಕೋರಿ. ಕಣ್ಣಿಗೆ ಡ್ರಾಪ್ಸ್ ಬಿಟ್ರ ಎರಡು ಮೂರು ತಾಸು ಮಬ್ಬು ಮಬ್ಬು, ಅವ್ವನ್ನ ಒಮ್ಮೆ ಹಂಗ ಕರ್ಕೊಂಡು ಹಾರ್ಟ್ ದವಾಖಾನಿ ಮೆಟ್ಟಿಲ ಏರ್ಸೂದ್ರಾಗ ಸಾಕಾಗಿ ಹೋತು. ಹೋಗೂ ಮೊದ್ಲಿನ ಒಂದು ವಾರ ಮನ್ಯಾಗ ಬಿಪಿ ಮುಂಜಾನೆ ಸಂಜಿ ಬರದಿಡ್ರಿ, ಐದು ನಿಮಿಷ ಸುಮ್ನ ಕುಂತು, ಬೆನ್ನಿಗೆ ಆಸರ ಕೊಟ್ಟು, ಚಹಾ ಎಲಿ ಅಡಿಕಿ ತಂಬಾಕ ಆಗಿ ಅರ್ಧ ತಾಸಾದ ಮ್ಯಾಲೆ, ಒಂದು ನಿಮಿಷ ಬಿಟ್ಟು ಎರಡು ಸಲ.

ಫೋನಿನ ಕೆಲಸ ಮನ್ಯಾಗ ಒಬ್ರಿಗೆ ಒಪ್ಪಸ್ರಿ. ನಮ್ಮಲ್ಲಿ ಮೊದ್ಲು ಅಕ್ಕ, ನಾನು, ತಮ್ಮ ಮೂವರೂ ಮಾಡ್ತಿದ್ವಿ, ಅಂದ್ರ ಯಾರೂ ಮಾಡ್ತಿರಲಿಲ್ಲ. ಈಗ ಚೀಟಿ ಬಂದ ದಿನನ ಫೋಟೋ ತಗದು ಮನಿ ಗ್ರೂಪಿಗೆ ಹಾಕೂದು, ಹಾಳಿ ತಿದ್ದೂದು, ಹಳೇ ಹಾಳಿ ಹರಿಯೂದು ಅಕ್ಕನ ಕೆಲಸ. ಹರಿಯೂದು ಮುಖ್ಯ, ಎರಡು ಹಾಳಿ ಇದ್ರ ಮತ್ತ ಚಾಪಿ ಮ್ಯಾಲೆ ಬಂದ್ವಿ ಅಂತ ತಿಳ್ಕೋರಿ. 14 ಅಂಕಿ ಆಭಾ ನಂಬರ್, ಸರಕಾರದ ಆರೋಗ್ಯ ಗುರುತಿನ ನಂಬರ್ ಅದು, ಮಾಡ್ಸಿಟ್ಟೇವಿ, ಸರಕಾರಿ ದವಾಖಾನಿ ಕೌಂಟರಿನ್ಯಾಗ ಉಪಯೋಗ ಆಗ್ತೈತಿ, ಆದ್ರೂ ಕಾಗದದ ಫೈಲ್ ಬಿಟ್ಟಿಲ್ಲ.

ಮೊದ್ಲ ಕೇಳಿ ಬರದಿಡಬೇಕಾದ್ದು ಎರಡು ಅದಾವ. ವಾಂತಿ ಭೇದಿ ಹತ್ತಿ ಊಟ ನೀರು ಹೋಗಲಾರದ ದಿನ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ (ಇದೂ ಶುಗರ್ ಗುಳಗಿ), ಟೆಲ್ಮಿಸಾರ್ಟಾನ್, ನೀರಿನ ಗುಳಗಿ, ಇವುಗಳಾಗ ಯಾವುದನ್ನ ತಾತ್ಪೂರ್ತಿಕ ತಡೀಬೇಕು ಅನ್ನೂದು. ಇನ್ನೊಂದು ಶ್ರಾವಣ ಸೋಮವಾರ, ಗ್ಲಿಮೆಪಿರೈಡ್ ಅನ್ನೂ ಶುಗರ್ ಗುಳಗಿ ನುಂಗಿ ಉಪವಾಸ ಕುಂತ್ರ ಶುಗರ್ 70ರ ಕೆಳಗ ಇಳದು ಬೆವತು ಕೈ ನಡಗತಾವ, ಕಿಡ್ನಿ ಸೋತಿದ್ರಂತೂ ಹೆಚ್ಚು. ನಮ್ಮವ್ವ ಉಪವಾಸ ಬಿಡಾಕಿ ಅಲ್ಲ, ಅದಕ್ಕ ಆಷಾಢದಾಗ ಹೋಗಿ ಡಾಕ್ಟ್ರನ್ನ ಕೇಳಿ ಬರ್ತೀವಿ.

ಎದಿ ಹಿಡಕೊಂಡ್ರ, ಬಾಯಿ ಸೊಟ್ಟಾದ್ರ, ಒಂದು ಕೈ ಎತ್ತಾಕ ಬರಲಾರದಂಗಾದ್ರ, ಮಾತು ತೊದಲಿದ್ರ ಈ ಪತ್ರ ಮನಿ ಡಾಕ್ಟ್ರು ಯಾವುದಕ್ಕೂ ಕಾಯಬ್ಯಾಡ್ರಿ, 108ಕ್ಕ ಹಚ್ಚಿ ನೆಟ್ಟಗ ದೊಡ್ಡ ದವಾಖಾನಿಗೆ. ಲಕ್ವಾಕ್ಕ ಹೆಪ್ಪು ಕರಗಸೂ ಇಂಜೆಕ್ಷನ್ ನಾಕೂವರಿ ತಾಸಿನೊಳಗ ಆಗಬೇಕು, ಲಕ್ಷ್ಮೇಶ್ವರದಿಂದ ಹುಬ್ಬಳ್ಳಿ ಮುಟ್ಟಾಕನ ಎಷ್ಟು ಹೊತ್ತು ಬೇಕು ನೀವ ಲೆಕ್ಕ ಹಾಕ್ರಿ. ಹೋಗೂ ಮುಂದ ಫೈಲ್ ಕಂಕುಳಾಗಿರಲಿ.

ಹಾಳಿ ಈಗ ನಮ್ಮನಿ ಜಗಲಿ ಬಾಜು ಗ್ವಾಡಿಗೆ ಅಂಟಿಸೇವಿ. ಅವ್ವಗ ಓದಾಕ ಬರೂದಿಲ್ಲ, ಮಮ್ಮಗಳು ಡಬ್ಬಿ ಮ್ಯಾಲೆ ಸೂರ್ಯ, ರೊಟ್ಟಿ, ಚಂದ್ರಾಮನ ಚಿತ್ರಾ ಬರದು ಕೊಟ್ಟಾಳ. ಹೋದ ತಿಂಗಳು ಹುಬ್ಬಳ್ಳಿ ದವಾಖಾನ್ಯಾಗ ಡಾಕ್ಟ್ರು ಹೊಸಾ ಗುಳಗಿ ಬರದು ಪೆನ್ ಮುಚ್ಚೂ ಹೊತ್ತಿಗೆ ಅವ್ವ ಸೆರಗು ಸರಿ ಮಾಡ್ಕೊಂಡು ಕೇಳಿದ್ಳು, ಸಾಹೇಬ್ರ, ಇದು ಬದ್ಲಿಗೋ, ಜೋಡಿಗೋ? ಅವರು ನಕ್ಕು ಪೆನ್ ಮತ್ತ ತಗದು ಹಳೇದಕ್ಕ ಗೆರಿ ಹೊಡದ್ರು.