ಫಂದಾಂಗೊ ಹಾಡಿಗೆ ಗಿಟಾರ್ ಸಾಥ್: ನನ್ನ ಅನುಭವ

ಫಂದಾಂಗೊ ಅಂದರೆ ಸ್ಪೇನಿನ ಫ್ಲಮೆಂಕೊ ಸಂಗೀತದ ಒಂದು ಹಾಡಿನ ಬಗೆ. ಅದನ್ನು ಹಾಡುವವರಿಗೆ ಸಾಥ್ ಕೊಡಲು ಶುರು ಮಾಡಿದಾಗ ನಾನು ಮೊದಲು ಬಾಯಿಪಾಠ ಮಾಡಿದ್ದು ಆರು ಸಾಲುಗಳ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು. ಪದ್ಯದಲ್ಲಿ ಇರುವುದು ನಾಲ್ಕೋ ಐದೋ ಸಾಲು. ಒಂದೆರಡನ್ನು ಮತ್ತೆ ಹಾಡಿ ಆರು ಮಾಡುತ್ತಾರೆ. ಮೊದಲ ಸಾಲು ಸಿ ಮೇಜರ್‌ನಲ್ಲಿ ನಿಲ್ಲುತ್ತದೆ, ಎರಡನೆಯದು ಎಫ್, ಮೂರನೆಯದು ಸಿ, ನಾಲ್ಕನೆಯದು ಜಿ, ಐದನೆಯದು ಮತ್ತೆ ಸಿ. ಆರನೆಯದು ಎಫ್ ಮುಟ್ಟಿ ಇ ಮೇಲೆ ಇಳಿಯುತ್ತದೆ.

ಹಾಡಿಲ್ಲದಾಗ ಗಿಟಾರ್ ಇರುವುದು ಇ ಫ್ರಿಜಿಯನ್ ಎಂಬ ಸ್ವರಶ್ರೇಣಿಯಲ್ಲಿ. ಅಂದರೆ ನಮ್ಮ ಹನುಮತೋಡಿಯ ಸ್ವರಗಳು, ಆದರೆ ಮುಗಿಸುವ ಕಾರ್ಡ್ ಮಾತ್ರ ಇ ಮೇಜರ್. ದನಿ ಬಂದ ಕೂಡಲೇ ಸಿ ಮೇಜರ್‌ಗೆ ಹೊರಳಬೇಕು, ಕೊನೆಯ ಸಾಲಲ್ಲಿ ವಾಪಸ್ ಬರಬೇಕು.

ಕಾರ್ಡ್‌ಗಳ ದಾರಿ ಫಂದಾಂಗೊದ ಎಲ್ಲ ಬಗೆಗೂ ಹೆಚ್ಚುಕಡಿಮೆ ಇದೇ. ಬದಲಾಗುವುದು ಲಯ ಯಾರ ಕೈಯಲ್ಲಿದೆ ಅನ್ನುವುದು. ಇದು ತಿಳಿದ ಮೇಲೆಯೇ ನನ್ನ ಕೈ ಹಗುರಾಯಿತು.

ನೈಋತ್ಯ ಸ್ಪೇನಿನ ಉಯೆಲ್ವಾ ಪ್ರಾಂತ್ಯದ ಫಂದಾಂಗೊದಲ್ಲಿ ಲಯ ಗಿಟಾರಿನದು. ಮೂರರ ಎಣಿಕೆ, ಬಿಗಿಯಾಗಿ ನಡೆಯುತ್ತದೆ. ಅಲೊಸ್ನೊ, ಎನ್ಸಿನಾಸೋಲಾ, ಹೀಗೆ ಊರಿಗೊಂದು ಮಟ್ಟು ಇದೆ. ನಾನು ಜಾಸ್ತಿ ಕೇಳಿದ್ದು ಅಲೊಸ್ನೊದ ಹಾಡುಗಾರ ಪಾಕೊ ತೊರೊಂಖೊ ಅವರನ್ನು. ಹಾಡುವವರು ಸಾಲನ್ನು ಎಳೆದರೂ ನನ್ನ ಬಲಗೈ ನಿಲ್ಲುವುದಿಲ್ಲ. ದನಿಯ ಕೆಳಗೆ ರಸ್ಗೆಯಾದೊ (ಬೆರಳು ಬಿಡಿಸಿ ತಂತಿಗಳನ್ನು ಸವರುವ ಮೀಟು) ಮೆತ್ತಗೆ ಸಾಗುತ್ತಿರುತ್ತದೆ, ಸಾಲು ನೆಲೆ ಮುಟ್ಟಿದಾಗ ಎಡಗೈ ಕಾರ್ಡ್ ಬದಲಿಸುತ್ತದೆ.

ಫಂದಾಂಗೊ ನತುರಾಲ್ ಹಾಗಲ್ಲ. ಇಲ್ಲಿ ಎಣಿಕೆಯೇ ಇಲ್ಲ. ಎಲ್ ಗ್ಲೋರಿಯಾ, ಎಲ್ ಕಾರ್ಬೊನೆರಿಯೊ ಅಂಥವರು ತಮ್ಮದೇ ಶೈಲಿ ಕಟ್ಟಿ ಬಿಟ್ಟುಹೋದ ಹಾಡುಗಾರಿಕೆ ಇದು. ಆಲಾಪನೆಯ ಹಿಂದೆ ಪಿಟೀಲು ಹೋಗುವ ಹಾಗೆ ದನಿಯ ಬೆನ್ನಿಗೆ ಹೋಗಬೇಕು. ನಾನು ನೋಡುವುದು ಹಾಡುವವರ ಎದೆ ಮತ್ತು ಬಾಯಿಯನ್ನು, ನನ್ನ ಕೈಯನ್ನಲ್ಲ. ಸಾಲು ಮುಗಿಸಿ ಉಸಿರೆಳೆದರೆ ಆ ಜಾಗದಲ್ಲಿ ಹೆಬ್ಬೆರಳಿಂದ ಒಂದು ಪುಟ್ಟ ಉತ್ತರ. ಆದರೆ ಒಳ್ಳೆಯ ಹಾಡುಗಾರರು ಎರಡು ಸಾಲನ್ನು ಒಂದೇ ಉಸಿರಲ್ಲಿ ಬೆಸೆಯುತ್ತಾರೆ. ನಾಲ್ಕರಿಂದ ಐದಕ್ಕೆ ಹಾಗೆ ದಾಟಿದರೆ ಜಿ ಕಾರ್ಡ್ ಒಮ್ಮೆ ತಾಗಿಸಿ ಸುಮ್ನೆ ಇರಬೇಕು. ಆಗ ತೋರಿಸುವ ಕೈಚಳಕ ಹಾಡನ್ನು ಕೆಡಿಸುತ್ತದೆ. ಈ ಸುಮ್ಮನಿರುವುದು ಬಹಳ ಕಷ್ಟ, ಅಲ್ವಾ?

ಶ್ರುತಿಯ ವಿಷಯ. ಕೂರುವ ಮುಂಚೆ ಕೇಳಿಬಿಡುತ್ತೇನೆ: ‘ಪೊರ್ ಆರ್ರಿಬಾ’ ನಾ, ‘ಪೊರ್ ಮೆದಿಯೊ’ ನಾ, ಕಾಪೊ (ಶ್ರುತಿ ಏರಿಸಲು ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಎಷ್ಟನೇ ಮನೆಗೆ? ಮೊದಲನೆಯದು ಇ ಕಾರ್ಡಿನ ಆಕಾರ, ಎರಡನೆಯದು ಎ ಕಾರ್ಡಿನ ಆಕಾರ. ಎ ಆಕಾರದಲ್ಲಿ ಪದ್ಯ ಎಫ್ ಮೇಜರ್‌ಗೆ ಹೋಗುತ್ತದೆ, ಕೊನೆಗೆ ಬಿ ಫ್ಲ್ಯಾಟ್ ದಾಟಿ ಎ ಕಾರ್ಡ್‌ಗೆ ಇಳಿಯುತ್ತದೆ. ಎರಡೂ ಕೈಗೆ ಕೂತಿದ್ದರೆ ಯಾವ ದನಿಗೂ ಹೆದರಬೇಕಿಲ್ಲ. ಮಾಲಾಗೇನ್ಯಾ, ಗ್ರಾನಾಯಿನಾ, ತರಾಂತಾ ಅನ್ನುವ ಹಾಡಿನ ಬಗೆಗಳು ಕೂಡ ಇದೇ ಮನೆತನದವು. ಗ್ರಾನಾಯಿನಾಕ್ಕೆ ಬಿ ಫ್ರಿಜಿಯನ್, ಪದ್ಯ ಜಿ ಮೇಜರ್. ತರಾಂತಾಕ್ಕೆ ಎಫ್ ಶಾರ್ಪ್, ಪದ್ಯ ಡಿ ಮೇಜರ್.

ನಾನು ಈಗಲೂ ದಿನಾ ತಿದ್ದುವುದು ಆರನೇ ಸಾಲನ್ನೇ. ಎಫ್ ಮೇಲೆ ದನಿ ತೂಗಾಡುತ್ತಿರುವಾಗ ಇ ಹಾಕಲು ಬೆರಳು ತುಡಿಯುತ್ತದೆ. ತಡೆಯುತ್ತೇನೆ. ಹಾಡುವವರು ತಾವಾಗಿ ಇಳಿದು ಆ ಸ್ವರ ಮುಟ್ಟಿದ ಮೇಲೆಯೇ ಇ ಮೇಜರ್, ಅದೂ ಆರೂ ತಂತಿಗಳ ಮೇಲೆ ಜೋರಾಗಿ.