ಫಿಲ್ಮ್ ಕಾಲದ ಲೆನ್ಸಿಗೆ ಡಿಜಿಟಲ್ ಕ್ಯಾಮೆರಾ ಜೋಡಿಸುವುದು ಹೇಗೆ?

ಕಪಾಟಿನಲ್ಲಿ ಉಳಿದಿರುವ ಹಳೆಯ ಲೆನ್ಸ್ ನಿಮ್ಮ ಡಿಜಿಟಲ್ ಕ್ಯಾಮೆರಾಕ್ಕೆ ಒಗ್ಗುತ್ತದೆಯೇ ಎಂದು ತಿಳಿಯಲು ಮೊದಲು ಅದರ ಹಿಂಬದಿಯ ಲೋಹದ ಬಳೆಯನ್ನು, ಅಂದರೆ ಮೌಂಟನ್ನು ನೋಡಿ. ಆ ಬಳೆಯಿಂದ ಫಿಲ್ಮಿನವರೆಗಿನ ದೂರವನ್ನು ಪ್ರತಿ ತಯಾರಕರೂ ನಿಗದಿಪಡಿಸಿದ್ದಾರೆ. ತಿರುಗಿಸಿ ಕೂರಿಸುವ ಎಂ42 ಲೆನ್ಸುಗಳಿಗೆ ಅದು 45.46 ಮಿ.ಮೀ., ನಿಕಾನ್ ಎಫ್‌ಗೆ 46.5, ಮಿನೋಲ್ಟಾ ಎಂಡಿಗೆ 43.5, ಕ್ಯಾನನ್ ಎಫ್‌ಡಿಗೆ 42.

ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ದೂರ ಬಹಳ ಕಡಿಮೆ: ಸೋನಿ ಇ 18 ಮಿ.ಮೀ., ನಿಕಾನ್ ಜಡ್ 16, ಕ್ಯಾನನ್ ಆರ್‌ಎಫ್ 20. ಎಂ42 ಲೆನ್ಸನ್ನು ಸೋನಿಗೆ ಹಾಕಿದರೆ 27.46 ಮಿ.ಮೀ. ಕೊರತೆ ಬೀಳುತ್ತದೆ, ಅದನ್ನು ತುಂಬುವ ಟೊಳ್ಳು ಲೋಹದ ಕೊಳವೆಯೇ ಅಡಾಪ್ಟರ್. ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಇಷ್ಟು ಸಲೀಸಿಲ್ಲ. ನಿಕಾನ್ ಎಫ್ ಮೌಂಟಿನ ದೂರವೇ ಎಂ42ಕ್ಕಿಂತ ಹೆಚ್ಚಿರುವುದರಿಂದ, ನಿಕಾನ್ ಡಿಎಸ್‌ಎಲ್‌ಆರ್‌ಗೆ ಎಂ42 ಹಾಕಿದರೆ ದೂರದ ಬೆಟ್ಟ ಎಂದಿಗೂ ಫೋಕಸ್ ಆಗುವುದಿಲ್ಲ. ಗಾಜು ಕೂರಿಸಿದ ಅಡಾಪ್ಟರುಗಳು ಇದನ್ನು ಸರಿಪಡಿಸುತ್ತವೆಯಾದರೂ, ಚಿತ್ರದ ಗುಣಮಟ್ಟವನ್ನು ಕೆಡಿಸುವ ಆ ಗಾಜನ್ನು ನಾನಂತೂ ಶಿಫಾರಸು ಮಾಡುವುದಿಲ್ಲ. ಇನ್ನೊಂದು ಎಚ್ಚರಿಕೆ: 1977ಕ್ಕೂ ಹಿಂದಿನ, ಮಾರ್ಪಡಿಸದ ನಿಕಾನ್ ಲೆನ್ಸುಗಳು ಹಲವು ನಿಕಾನ್ ಡಿಎಸ್‌ಎಲ್‌ಆರ್‌ಗಳ ಮೌಂಟಿನ ಅಂಚಿನಲ್ಲಿರುವ ಸಣ್ಣ ಕೊಂಡಿಯನ್ನು ಮುರಿಯಬಲ್ಲವು.

ಜೋಡಿಸುವ ಮುನ್ನ ಲೆನ್ಸನ್ನು ಪರೀಕ್ಷಿಸಿ. ಅಪರ್ಚರನ್ನು, ಅಂದರೆ ಬೆಳಕು ಹಾದುಹೋಗುವ ಕಿಂಡಿಯನ್ನು, ಪೂರ್ತಿ ತೆರೆದು, ಒಂದು ಬದಿಯಿಂದ ಟಾರ್ಚ್ ಹಾಯಿಸಿ ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಬೇರಿನಂತೆ ಕವಲೊಡೆದ ಎಳೆಗಳು ಕಂಡರೆ ಅದು ಬೂಷ್ಟು. ಇಡೀ ಗಾಜಿಗೆ ಮಂಜು ಕವಿದಂತಿದ್ದರೆ ಬೆಳಕಿಗೆದುರಾಗಿ ತೆಗೆದ ಚಿತ್ರಗಳೆಲ್ಲ ಪೇಲವವಾಗುತ್ತವೆ. ಒಂದೆರಡು ದೂಳಿನ ಕಣಗಳಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಪರ್ಚರ್ ರಿಂಗ್ ತಿರುಗಿಸಿದಾಗ ಒಳಗಿನ ಎಸಳುಗಳು ತಕ್ಷಣ ಚಲಿಸಬೇಕು. ಎಣ್ಣೆ ಹತ್ತಿದ್ದರೆ ಅವು ತಡವರಿಸುತ್ತವೆ.

ಅಡಾಪ್ಟರನ್ನು ಮೊದಲು ಲೆನ್ಸಿಗೆ ಹಾಕಿ, ಲೋಹದ ಪುಡಿ ಇದ್ದರೆ ಊದುಬುರುಡೆಯಿಂದ ಊದಿ, ಆಮೇಲೆ ಕ್ಯಾಮೆರಾಕ್ಕೆ ಜೋಡಿಸಿ. ಎಂ42 ಲೆನ್ಸಿನ ಪಕ್ಕದಲ್ಲಿ 'ಎ' ಮತ್ತು 'ಎಂ' ಎಂಬ ಗುಂಡಿ ಇದ್ದರೆ 'ಎಂ'ಗೆ ತಳ್ಳಿ. ಇಲ್ಲವಾದರೆ ರಿಂಗನ್ನು ಎಷ್ಟು ತಿರುಗಿಸಿದರೂ ಎಸಳುಗಳು ತೆರೆದೇ ಇರಬಹುದು.

ಸರಳ ಅಡಾಪ್ಟರಿನಲ್ಲಿ ವಿದ್ಯುತ್ ಸಂಪರ್ಕವಿಲ್ಲದ ಕಾರಣ ಲೆನ್ಸೇ ಇಲ್ಲವೆಂದು ಕ್ಯಾಮೆರಾ ಮುಷ್ಕರ ಹೂಡಬಹುದು. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುಗಡೆಗೆ ಅನುಮತಿ ಕೊಡಿ. ಡಯಲನ್ನು ಅಪರ್ಚರ್ ಪ್ರಾಧಾನ್ಯಕ್ಕೆ ತಿರುಗಿಸಿದರೆ ಶಟರ್ ವೇಗವನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಕ್ಯಾಮೆರಾದೊಳಗೆ ನಡುಕ ತಡೆಯುವ ವ್ಯವಸ್ಥೆಯಿದ್ದರೆ ಫೋಕಲ್ ಲೆಂಗ್ತನ್ನು, ಅಂದರೆ ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಅಳತೆಯನ್ನು, ಕೈಯಾರೆ ನಮೂದಿಸಬೇಕು. ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನಲ್ಲಿ 50 ಮಿ.ಮೀ. ಲೆನ್ಸಿನ ನೋಟ 75ರಂತೆ ಕಂಡರೂ ಇಲ್ಲಿ ಬರೆಯಬೇಕಾದದ್ದು 50 ಎಂದೇ.

ಇನ್ನು ಫೋಕಸ್. ಹಳೆಯ ಲೆನ್ಸಿನ ಸುಖ, ಕಷ್ಟ ಎರಡೂ ಇರುವುದು ಇಲ್ಲೇ. ಅಪರ್ಚರನ್ನು ಪೂರ್ತಿ ತೆರೆದು, ಪರದೆಯಲ್ಲಿ ಕಣ್ಣಿನ ರೆಪ್ಪೆಯನ್ನು ಹಿಗ್ಗಿಸಿ ನೋಡುತ್ತ ರಿಂಗನ್ನು ನಿಧಾನಕ್ಕೆ ತಿರುಗಿಸಿ. ಕೂದಲು ಬಿಡಿಬಿಡಿಯಾಗಿ ಕಂಡ ಮೇಲೂ ಎಳೆಯಷ್ಟು ಮುಂದೆ ಹೋಗಿ, ಮಸುಕಾದೊಡನೆ ಹಿಂದಕ್ಕೆ ಬನ್ನಿ. ಸರಿಯಾದ ಜಾಗ ಹೀಗೆ ದಾಟಿದಾಗಲೇ ಗೊತ್ತಾಗುವುದು. ಅಂಚುಗಳಿಗೆ ಕೆಂಪು ಬಳಿದು ತೋರಿಸುವ ಫೋಕಸ್ ಪೀಕಿಂಗ್ ಅವಸರದ ಚಿತ್ರಗಳಿಗೆ ಸಾಕು. ಎಫ್/1.4ರಂಥ ಅಗಲವಾದ ಅಪರ್ಚರಿನಲ್ಲಿ ಅದನ್ನು ನಂಬಬೇಡಿ: ರೆಪ್ಪೆ, ಹುಬ್ಬು ಎರಡಕ್ಕೂ ಕೆಂಪು ಮೆತ್ತುತ್ತದೆ, ಚಿತ್ರದಲ್ಲಿ ಚೂಪಾಗಿರುವುದು ಒಂದೇ. ಫೋಕಸ್ ಸಿಕ್ಕ ಮೇಲೆ ಬೇಕಾದ ಅಪರ್ಚರಿಗೆ ಇಳಿಸಿ ಕ್ಲಿಕ್ಕಿಸಿ. ಕೆಲವು ಲೆನ್ಸುಗಳಲ್ಲಿ ಇಳಿಸುವಾಗ ಫೋಕಸ್ ತುಸು ಜಾರುತ್ತದೆ. ಅಂಥವನ್ನು ಬಳಸುವ ಅಪರ್ಚರಿನಲ್ಲೇ ಫೋಕಸ್ ಮಾಡಬೇಕು.

ರಾತ್ರಿ ಚಂದ್ರನತ್ತ ಹಿಡಿದು ಒಮ್ಮೆ ನೋಡಿ. ರಿಂಗ್ ಕೊನೆ ಮುಟ್ಟಿದರೂ ಚಂದ್ರನ ಅಂಚು ಚೂಪಾಗದಿದ್ದರೆ ಬಹುಮಟ್ಟಿಗೆ ಅಡಾಪ್ಟರ್ ದಪ್ಪವಾಗಿದೆ, ಬದಲಿಸಿ. ಕೊನೆ ಮುಟ್ಟುವ ತುಸು ಮೊದಲೇ ಚೂಪಾದರೆ ಚಿಂತೆಯಿಲ್ಲ, ಬೇಕೆಂದೇ ಕೂದಲೆಳೆ ತೆಳ್ಳಗೆ ಮಾಡಿದ ಅಡಾಪ್ಟರುಗಳೇ ಹೆಚ್ಚು.